ಹುಸಿನೊಣದ ವಂಶಾವಳಿ

ಗಾಳಕ್ಕೆ ಎರೆಹುಳು ಸಿಕ್ಕಿಸುವುದನ್ನು ನಾವೆಲ್ಲರೂ ಕಂಡಿದ್ದೇವೆ. ಹುಳುವಿನ ಬದಲು ಗರಿ, ಕೂದಲು, ನೂಲುಗಳನ್ನು ಕೊಕ್ಕೆಗೆ ಸುತ್ತಿ ಮೀನನ್ನು ನಂಬಿಸುವುದು ಇನ್ನೊಂದು ವಿದ್ಯೆ. ಇಂಗ್ಲಿಷಿನಲ್ಲಿ ಅದಕ್ಕೆ ‘ಫ್ಲೈ’ ಎಂದು ಹೆಸರು. ನಾನು ಹುಸಿನೊಣ ಎನ್ನುತ್ತೇನೆ. ಹೊಳೆಯ ಮೀನಿಗೆ ಅದು ನೊಣವಾದರೆ ಸಾಕು. ಫ್ಲಾರಿಡಾ, ಬಹಾಮಾಸ್‌ಗಳ ಕಡಲಂಚಿನಲ್ಲಿ, ಮೊಣಕಾಲುದ್ದದ ತಿಳಿನೀರಿನ ಬಯಲಿನಲ್ಲಿ ಮೇಯುವ ಬೋನ್‌ಫಿಷ್ ಎಂಬ ಮೀನಿಗೆ ಮಾತ್ರ ಅದು ಸೀಗಡಿಯಂತೆಯೋ ಏಡಿಯಂತೆಯೋ ತೋರಬೇಕು.

ಆ ಕಡಲನ್ನು ನಾನು ಕಂಡವನಲ್ಲ. ಆದರೂ ನಿವೃತ್ತನಾದ ಮೇಲೆ ಮುಂಬಯಿಯ ನಮ್ಮ ಮನೆಯ ಕಿಟಕಿಯ ಬಳಿ ಕುಳಿತು ಹುಸಿನೊಣ ಕಟ್ಟುವುದು ನನಗೊಂದು ಗೀಳು. ಮೊನ್ನೆ ಮೊಮ್ಮಗ ನಾನು ಕಟ್ಟಿದ್ದೊಂದನ್ನು ಬಿಚ್ಚಿ, ಬಣ್ಣ ಬದಲಿಸಿ, “ಅಜ್ಜ, ಇನ್ನು ಇದು ನನ್ನದು. ನನ್ನ ಹೆಸರೇ ಇಡಬೇಕು” ಎಂದು ಹಠ ಹಿಡಿದ.

“ಕಟ್ಟು ನನ್ನದು, ಹೆಸರು ಮಾತ್ರ ನಿನ್ನದೋ?” ಎಂದೆ. ನಿಜ ಹೇಳಬೇಕೆಂದರೆ, ಮನಸ್ಸಿಗೆ ತುಸು ಚುರುಕ್ಕೆಂದಿತ್ತು.

ಒಳಗಿನಿಂದ ನನ್ನಾಕೆ, “ಉಲ್ಲನ್ ನನ್ನದು ರೀ. ಅದನ್ನು ಮಾತ್ರ ಯಾರೂ ಹೇಳುವುದಿಲ್ಲ!” ಎಂದಳು.

ಮೊಮ್ಮಗನಿಗೆ ಚಾರ್ಲಿಯ ಕಥೆ ಹೇಳಿದೆ. 1977ರಲ್ಲಿ ಬಹಾಮಾಸಿನ ಆಂಡ್ರೋಸ್ ದ್ವೀಪದಲ್ಲಿ ಕ್ಯಾಲಿಫೋರ್ನಿಯಾದ ಬಾಬ್ ನೌಹೈಮ್ ಎಂಬವರು ಒಂದು ಹುಸಿನೊಣ ಕಟ್ಟಿದರು. ಅದರ ಕಣ್ಣುಗಳೆಂದರೆ ಗುಂಡುಮಣಿಯ ಲೋಹದ ಸರಪಳಿಯಿಂದ ಕತ್ತರಿಸಿದ ಎರಡು ಮಣಿ. ಅವುಗಳ ಭಾರಕ್ಕೆ ಕೊಕ್ಕೆ ತಲೆಕೆಳಗಾಗಿ, ಮೊನೆ ಮೇಲಾಗಿ ಇಳಿಯುತ್ತದೆ. ತಳದ ಹುಲ್ಲಿಗೂ ಹವಳಕ್ಕೂ ಸಿಕ್ಕಿಕೊಳ್ಳುವುದಿಲ್ಲ. ಮೀನಿದ್ದೆಡೆಗೆ ಕರೆದೊಯ್ಯುತ್ತಿದ್ದ ಚಾರ್ಲಿ ಸ್ಮಿತ್ ಅವರ ನೆನಪಿಗೆ ಅದು ‘ನ್ಯಾಸ್ಟಿ ಚಾರ್ಲಿ’ ಎನಿಸಿತು. ಮಾರಾಟದ ಪಟ್ಟಿಗೆ ಏರುವ ಹೊತ್ತಿಗೆ ‘ಕ್ರೇಜಿ ಚಾರ್ಲಿ’ಯಾಯಿತು. ಮುಂದೆ ಕೋಳಿಗರಿಯ ಜಾಗಕ್ಕೆ ಕರುವಿನ ಬಾಲದ ಕೂದಲು ಬಂತು. ನೀರು ಆಳವಿದ್ದಲ್ಲಿ ಬೇಗ ಮುಳುಗಲೆಂದು ಸೀಸದ ಕಣ್ಣು. ಪಾದ ಮುಳುಗುವಷ್ಟೇ ನೀರಿದ್ದಲ್ಲಿ, ಬಿದ್ದ ಸಪ್ಪಳಕ್ಕೆ ಮೀನು ಬೆದರೀತೆಂದು, ಭಾರದ ಕಣ್ಣೇ ಇಲ್ಲ.

‘ಪರ್ಮಿಟ್’ ಎಂಬ ಇನ್ನೊಂದು ಮೀನು (ಮುಂಬಯಿಯ ಓದುಗರು ಬೇರೆ ಅರ್ಥ ಮಾಡಬಾರದು!) ಏಡಿಯನ್ನು ಬಲು ಇಷ್ಟಪಡುತ್ತದೆ. ಅದಕ್ಕಾಗಿ ಡೆಲ್ ಬ್ರೌನ್ ಎಂಬವರು ನೆಲಗಂಬಳಿಯ ನೂಲಿನ ತುಂಡುಗಳನ್ನು ಕೊಕ್ಕೆಗೆ ಅಡ್ಡಡ್ಡ ಕಟ್ಟಿ ಏಡಿಯನ್ನೇ ಮಾಡಿದರು. ಇದನ್ನು ಕೇಳಿದ ನನ್ನಾಕೆ ಹಜಾರದ ಜಮಖಾನೆಯನ್ನು ಮಡಚಿ ಬೀರುವಿನಲ್ಲಿಟ್ಟು ಬೀಗ ಹಾಕಿದಳು.

ಇವುಗಳಲ್ಲಿ ಹೆಚ್ಚಿನವು ಬರಿಯ ಚಪಲದಿಂದ ಆದ ಬದಲಾವಣೆಗಳಲ್ಲ. ಮೀನು ಹತ್ತಿರ ಬಂದು, ನೋಡಿ, ತಿರುಗಿ ಹೋಗುತ್ತದೆ. ಅದೇಕೆಂದು ನೀರಿನಲ್ಲಿ ನಿಂತವನು ಯೋಚಿಸುತ್ತಾನೆ. ಸಂಜೆ ಒಂದು ಎಳೆ ತೆಗೆಯುತ್ತಾನೆ, ಇನ್ನೊಂದು ಸೇರಿಸುತ್ತಾನೆ. ಹೀಗೆ ಎಳೆ ಸೇರಿಸಿದ ಎಷ್ಟೋ ಜನರ ಹೆಸರು ಯಾವ ಪಟ್ಟಿಯಲ್ಲಿಯೂ ಇಲ್ಲ. ಚಾರ್ಲಿಯ ಹೆಸರಾದರೂ ಉಳಿದುದು ಭಾಗ್ಯ.

ಆದುದರಿಂದ ಈಗ ನಮ್ಮ ಮನೆಯಲ್ಲಿ ಒಂದು ನೋಟುಪುಸ್ತಕವಿದೆ. ಮೂಲ ಯಾರದು, ಬದಲಿಸಿದವರು ಯಾರು ಎಂದು ಮೊಮ್ಮಗನೇ ಬರೆಯುತ್ತಾನೆ. ತನ್ನ ಹೆಸರಿನ ಕೆಳಗೆ ಒಂದು ಸಾಲು ಖಾಲಿ ಬಿಟ್ಟಿದ್ದಾನೆ, ಮುಂದೆ ಬದಲಿಸುವವರಿಗಂತೆ. ಉಲ್ಲನ್ನಿನ ಎದುರು ಮಾತ್ರ ಎಲ್ಲ ಪುಟಗಳಲ್ಲಿಯೂ ಒಂದೇ ಹೆಸರು: ಅಜ್ಜಿ.