ಅಪ್ಪಯ್ಯನ ಕವಳ ಮತ್ತು ಕೃಷ್ಣ ಸಂಧಾನ

"ನೀನು ಕೃಷ್ಣನ ಅರ್ಥ ಹೇಳಿದ್ರೆ ನಾನು ಕೌರವನ ಅರ್ಥ ಹೇಳ್ಲೇಬೇಕಲ್ಲ ಮಗಾ?"

ಅಪ್ಪಯ್ಯ ಹೀಗಂದಿದ್ದು 2021ರ ಬೇಸಿಗೆಯಲ್ಲಿ, ನಮ್ಮನೆ ಜಗುಲಿ ಮೇಲೆ ಕವಳದ ಬಟ್ಟಲು ಮುಂದಿಟ್ಟುಕೊಂಡು. ಅವನಿಗೆ ಹೊಗೆಸೊಪ್ಪು ಬಿಡಿಸಬೇಕು ಅಂತ ಆಸ್ಪತ್ರೆಯಿಂದ ಒಂದು ಪ್ರಿಂಟ್‌ಔಟ್ ತಂದಿದ್ದೆ. ಬಾಯಿ ಕ್ಯಾನ್ಸರಿನ ಬಣ್ಣದ ಚಿತ್ರಗಳು. ಕನ್ನಡಕ ಹಾಕ್ಕೊಂಡು ಪೂರ್ತಿ ನೋಡಿದ. "ಚಿತ್ರ ಚೆನ್ನಾಗಿ ಬಂದಿದೆ" ಅಂದ. ಆಮೇಲೆ ಅದೇ ಹಾಳೆ ಮೇಲೆ ಅಡಿಕೆ ಹೋಳು ಹರವಿಕೊಂಡ!

ನಾನು ಸಿಟ್ಟು ಮಾಡ್ಕೊಂಡು ಒಳಗೆ ಹೋದೆ. ಆ ಕೃಷ್ಣ-ಕೌರವರ ಮಾತಿನ ತೂಕ ಗೊತ್ತಾಗೋಕೆ ಇನ್ನೂ ಒಂದು ವರ್ಷ ಬೇಕಾಯ್ತು.

ಮೊದಲು ಸ್ವಲ್ಪ ಹಿನ್ನೆಲೆ ಹೇಳ್ತೀನಿ. ನಮ್ಮೂರು ಸಾಗರದ ಕಡೆ. ಅಡಿಕೆ ತೋಟ. ಅಪ್ಪಯ್ಯನಿಗೆ ತಾಳಮದ್ದಲೆ ಹುಚ್ಚು, ಕೃಷ್ಣ ಸಂಧಾನ ಪ್ರಸಂಗ ಅಂದ್ರೆ ಕೌರವನ ಅರ್ಥ ಅವನಿಗೇ ಆಗಬೇಕು. ನಾನು ತಾಲ್ಲೂಕು ಆಸ್ಪತ್ರೆಯೊಂದರ ಬಿಪಿ-ಶುಗರ್ ಕ್ಲಿನಿಕ್ಕಿನಲ್ಲಿ ಕೌನ್ಸೆಲರ್. ಉಪ್ಪು ಕಮ್ಮಿ ಮಾಡಿ, ಬೀಡಿ ಬಿಡಿ, ನಡೀರಿ ಅಂತ ದಿನಾ ನಲವತ್ತು ಜನಕ್ಕೆ ಹೇಳೋದೇ ನನ್ನ ಸಂಬಳದ ಕೆಲಸ. ಮನೆಗೆ ಬಂದ್ರೆ ಜಗುಲಿ ಮೇಲೆ ಹೊಗೆಸೊಪ್ಪಿನ ಎಸಳು ಹರೀತಾ ಕೂತ ಅಪ್ಪ. ದೀಪದ ಬುಡ ಕತ್ತಲೆ ಅನ್ನೋದು ಇದಕ್ಕೇ ಇರಬೇಕು.

2016-17ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ಶೇ. 28.6 ಜನ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸ್ತಿದ್ರು. ಶೇ. 21.4 ಜನ ಹೊಗೆಯಿಲ್ಲದ, ಜಗಿಯೋ-ತಿಕ್ಕೋ ತರದ್ದು. ಇನ್ನೊಂದು ವಿಷಯ ಹೇಳೋದು ನಮ್ಮ ಕಡೆಯವರಿಗೆ ಸ್ವಲ್ಪ ಕಷ್ಟ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2004ರಲ್ಲಿ, ಹೊಗೆಸೊಪ್ಪು ಇಲ್ಲದಿದ್ದರೂ ಅಡಿಕೆ ಜಗಿಯೋದೇ ಕ್ಯಾನ್ಸರ್‌ಕಾರಕ ಅಂತ ವರ್ಗೀಕರಿಸಿತು. ನನ್ನ ಕಾಲೇಜಿನ ಫೀಸು ಕಟ್ಟಿದ್ದು ಇದೇ ಅಡಿಕೆ. ಅಪ್ಪಯ್ಯನ ಮುಂದೆ ಇದನ್ನ ಯಾವ ಬಾಯಲ್ಲಿ ಹೇಳೋದು?

ಆದ್ರೆ ಹೇಳದೆ ಇರೋ ಹಾಗೂ ಇರಲಿಲ್ಲ. ಅವನಿಗೆ ಮಿಡಿ ಉಪ್ಪಿನಕಾಯಿ ಬಾಯಿಗಿಟ್ಟರೆ ಉರಿ. ಮೊದಲು ಬಾಯೊಳಗೆ ಮೂರು ಬೆರಳು ಉದ್ದುದ್ದ ಹಿಡೀತಿದ್ದವು, ಈಗ ಎರಡೇ. ಹಲ್ಲಿನ ಡಾಕ್ಟ್ರು ಕೆನ್ನೆ ಒಳಗೆ ಬಿಳಿಚಿಕೊಂಡ ಪಟ್ಟಿಗಳನ್ನ ತೋರಿಸಿ, "ಚರ್ಮ ಬಿಗೀತಾ ಇದೆ, ನಿಲ್ಲಿಸಬೇಕು" ಅಂದಿದ್ರು. ನನಗೆ ರಾತ್ರಿ ನಿದ್ದೆ ಬರ್ತಿರಲಿಲ್ಲ.

2022ರಲ್ಲಿ ಬೆಂಗಳೂರಲ್ಲಿ ಐದು ದಿನದ ಒಂದು ತರಬೇತಿಗೆ ಹೋದೆ. ಹೆಸರು 'ಮೋಟಿವೇಶನಲ್ ಇಂಟರ್ವ್ಯೂಯಿಂಗ್'. ಹೆಸರು ಕೇಳಿದ್ರೆ ಕೆಲಸದ ಸಂದರ್ಶನ ಅನ್ಸತ್ತೆ, ಅಲ್ವಾ? :) ಅದಲ್ಲ. ಚಟ, ಅಭ್ಯಾಸ ಬದಲಾಯಿಸೋ ವಿಚಾರದಲ್ಲಿ ಎರಡು ಮನಸ್ಸಿನಲ್ಲಿರೋರ ಜೊತೆ ಮಾತಾಡೋ ಒಂದು ರೀತಿ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ ನಾರ್ವೆಗೆ ಹೋಗಿದ್ದಾಗ ಅಲ್ಲಿನ ಎಳೆಯ ಮನಶ್ಶಾಸ್ತ್ರಜ್ಞರು "ಈಗ ಈ ಪ್ರಶ್ನೆ ಯಾಕೆ ಕೇಳಿದ್ರಿ? ಆ ಮಾತನ್ನೇ ಯಾಕೆ ಹಿಡ್ಕೊಂಡ್ರಿ?" ಅಂತ ಬೆನ್ನು ಬಿಡದೆ ಕೇಳಿದ್ರಂತೆ. ಅವರಿಗೆ ಉತ್ತರ ಕೊಡ್ತಾ ಕೊಡ್ತಾ ತಾನು ಮಾಡ್ತಿರೋದೇನು ಅಂತ ಆತನಿಗೇ ಸ್ಪಷ್ಟ ಆಯ್ತು. 1983ರಲ್ಲಿ ಕುಡಿತದವರ ಬಗ್ಗೆ ಒಂದು ಲೇಖನ ಬರೆದ. 1991ರಲ್ಲಿ ಸ್ಟೀಫನ್ ರೋಲ್ನಿಕ್ ಜೊತೆ ಸೇರಿ ಪುಸ್ತಕ ಮಾಡಿದ.

ಮೊದಲ ದಿನವೇ ಒಂದು ಆಟ ಆಡಿಸಿದ್ರು. ಇಬ್ಬಿಬ್ಬರು ಕೂರಬೇಕು. ಒಬ್ಬರು ತಾವು ಬದಲಾಯಿಸಬೇಕು ಅಂದ್ಕೊಂಡೂ ಬದಲಾಯಿಸದೆ ಇರೋ ಸಂಗತಿ ಹೇಳಬೇಕು. ಇನ್ನೊಬ್ಬರು ಅದು ಯಾಕೆ ಮುಖ್ಯ, ಹೇಗೆ ಮಾಡಬೇಕು ಅಂತ ಒತ್ತಾಯ ಮಾಡಿ ಒಪ್ಪಿಸಬೇಕು. ನಾನು ರಾತ್ರಿ ಒಂದು ಗಂಟೆವರೆಗೂ ಮೊಬೈಲ್ ನೋಡೋದನ್ನ ಹೇಳಿದೆ. ಎದುರಿಗಿದ್ದ ನರ್ಸಮ್ಮ ಶುರು ಮಾಡಿದ್ರು.. "ಕಣ್ಣು ಹಾಳಾಗತ್ತೆ, ಚಾರ್ಜಿಗೆ ಅಡುಗೆಮನೇಲಿಡಿ, ಅಲಾರ್ಮ್ ಗಡಿಯಾರ ತಗೊಳ್ಳಿ.." ಎಲ್ಲಾ ಸರಿಯಾದ ಮಾತೇ. ನನ್ನ ಬಾಯಿಂದ ಬಂದಿದ್ದು ಮಾತ್ರ "ಆದ್ರೆ.. ಆದ್ರೆ.. ಆದ್ರೆ.."! ಐದು ನಿಮಿಷ ಮುಗಿಯೋ ಹೊತ್ತಿಗೆ ಮೊಬೈಲ್ ನೋಡೋದು ನನ್ನ ಜನ್ಮಸಿದ್ಧ ಹಕ್ಕು ಅನ್ನೋ ಮಟ್ಟಕ್ಕೆ ಬಂದಿದ್ದೆ.

ಆಗ ತಟ್ಟನೆ ಅಪ್ಪಯ್ಯ ನೆನಪಾದ.

ಮನಸ್ಸಲ್ಲಿ ಎರಡೂ ಪಕ್ಷ ಇರೋನ ಎದುರು ನಾವು ಒಂದು ಪಕ್ಷ ಹಿಡಿದ್ರೆ, ಅವನಿಗೆ ಉಳಿಯೋದು ಇನ್ನೊಂದೇ. ನಾವು ಚೆನ್ನಾಗಿ ವಾದ ಮಾಡಿದಷ್ಟೂ ಅವನೂ ಚೆನ್ನಾಗಿ ವಾದ ಮಾಡ್ತಾನೆ. ತನ್ನ ಮಾತನ್ನ ತಾನೇ ಕೇಳಿಸ್ಕೊಂಡು ಅದನ್ನೇ ನಂಬೋಕೆ ಶುರು ಮಾಡ್ತಾನೆ. ನಾನು ಹತ್ತು ವರ್ಷ ಕೃಷ್ಣನ ಅರ್ಥ ಹೇಳಿ ಹೇಳಿ ಅಪ್ಪಯ್ಯನೊಳಗಿನ ಕೌರವನಿಗೆ ಅಭ್ಯಾಸ ಮಾಡಿಸಿದ್ದೆ!

ಎದುರಿಗಿನವರನ್ನ ತಕ್ಷಣ ಸರಿ ಮಾಡಿಬಿಡೋ ಈ ಚಪಲಕ್ಕೆ ಅವರು 'ರೈಟಿಂಗ್ ರಿಫ್ಲೆಕ್ಸ್' ಅಂತಾರೆ. (ನಮ್ಮ ಬರೆಯೋ ಚಟ ಅಲ್ಲ ಮಾರಾಯ್ರೇ, ಇದು 'ಸರಿಮಾಡೋ' ರೈಟಿಂಗ್.) 2023ರ ನಾಲ್ಕನೇ ಆವೃತ್ತಿಯಲ್ಲಿ ಅದನ್ನ 'ಫಿಕ್ಸಿಂಗ್ ರಿಫ್ಲೆಕ್ಸ್' ಅಂತ ಮಾಡಿದಾರೆ. ಮಿಲ್ಲರ್ ಮತ್ತವರ ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಸಲಹೆಗಾರ ಎಷ್ಟು ಹೆಚ್ಚು ಎದುರು ವಾದ ಮಾಡಿದ್ನೋ, ಒಂದು ವರ್ಷದ ನಂತರ ಆ ವ್ಯಕ್ತಿ ಅಷ್ಟೇ ಹೆಚ್ಚು ಕುಡೀತಿದ್ದ ಅನ್ನೋದು ಕಂಡಿತ್ತು. ಓದಿ ಹೊಟ್ಟೆ ತೊಳಸಿದ ಹಾಗಾಯ್ತು.

ಹಾಗಾದ್ರೆ ಮಾಡೋದೇನು? ಹೌದು-ಇಲ್ಲದಲ್ಲಿ ಮುಗಿಯದ ಪ್ರಶ್ನೆ ಕೇಳೋದು. ಅವರಲ್ಲಿರೋ ಒಳ್ಳೇದನ್ನ ಕಂಡು ಹೇಳೋದು. ಅವರ ಮಾತಿನ ಒಳಗಿರೋದನ್ನ ನಮ್ಮ ಮಾತಲ್ಲಿ ಹಿಂತಿರುಗಿಸೋದು. ಕೊನೆಗೆ ಎಲ್ಲಾ ಸೇರಿಸಿ ಒಮ್ಮೆ ಹೇಳೋದು. ಓದೋಕೆ ಎಷ್ಟು ಸುಲಭ ಅಲ್ವಾ?

ಊರಿಗೆ ಬಂದ ಮೇಲೆ ರೋಗಿಯೊಬ್ಬರ ಒಪ್ಪಿಗೆ ಪಡೆದು ನಮ್ಮ ಮಾತನ್ನ ರೆಕಾರ್ಡ್ ಮಾಡಿ ಕೇಳಿದೆ. ಹನ್ನೆರಡು ನಿಮಿಷದಲ್ಲಿ ನನ್ನ ಪ್ರಶ್ನೆಗಳು ಹತ್ತೊಂಬತ್ತು. ಅವರ ಮಾತನ್ನ ಹಿಂತಿರುಗಿಸಿದ್ದು ಎರಡೇ ಸಲ. ಒಂದು ಪ್ರಶ್ನೆಗೆ ಎರಡು ಸಲವಾದ್ರೂ ಹಿಂತಿರುಗಿಸಬೇಕು ಅನ್ನೋದು ಕಲಿಸೋರ ಅಳತೆ. ಪೊಲೀಸ್ ಸ್ಟೇಷನ್ನಿನ ವಿಚಾರಣೆ ಹಾಗೆ ಕೇಳ್ತಿತ್ತು. ಬರೀ ಶಿಬಿರಕ್ಕೆ ಹೋಗಿ ಬಂದ್ರೆ ಇದು ಬರಲ್ಲ, ರೆಕಾರ್ಡ್ ಕೇಳಿ ತಿದ್ದೋರು ಬೇಕು ಅಂತ ಮಿಲ್ಲರ್ ಅವರ ತಂಡದ ಅಧ್ಯಯನಗಳೇ ಹೇಳ್ತವೆ. ನನಗೂ ಒಬ್ಬ ಹಿರಿಯ ಸಹೋದ್ಯೋಗಿ ಸಿಕ್ಕಿದ್ರು, ಒಂದು ವರ್ಷ ಕಿವಿ ಹಿಂಡಿದ್ರು.

ನಿಧಾನಕ್ಕೆ ಏನೋ ಬದಲಾಯ್ತು. ಶುಗರ್ ಇರೋ ಒಬ್ಬ ಅಮ್ಮ, "ಎಲ್ಲರಿಗೂ ಬೇಯಿಸಿ ಹಾಕೋದ್ರಲ್ಲಿ ನಂಗೆ ಅಂತ ಬೇರೆ ಮಾಡ್ಕೊಳ್ಳೋಕೆ ಎಲ್ಲಿ ಪುರುಸೊತ್ತು?" ಅಂದ್ರು. ಮೊದಲಾಗಿದ್ರೆ "ರಾತ್ರೀನೇ ತರಕಾರಿ ಹೆಚ್ಚಿಟ್ಕೊಳ್ಳಿ" ಅಂತಿದ್ದೆ. ಅವತ್ತು "ಎಲ್ಲರನ್ನೂ ನೋಡ್ಕೊಂಡು ನಿಮ್ಮ ಸರದಿ ಬರೋದೇ ಇಲ್ಲ" ಅಂದೆ, ಅಷ್ಟೇ. ಸೆರಗಲ್ಲಿ ಕಣ್ಣೊರೆಸ್ಕೊಂಡ್ರು. ಸ್ವಲ್ಪ ಹೊತ್ತಾದ ಮೇಲೆ ಅವರೇ, "ಮಧ್ಯಾಹ್ನದ ಅನ್ನ ಅರ್ಧ ಮಾಡಬಹುದೇನೋ.." ಅಂದ್ರು.

ಇನ್ನು ಅಪ್ಪಯ್ಯ. ಮೊದಲ ಸಲ ಇದೇ ಧಾಟಿಯಲ್ಲಿ "ಕವಳದಿಂದ ನಿಂಗೆ ಸಿಗೋ ಖುಷಿ ಎಂಥದ್ದು ಅಪ್ಪಯ್ಯ?" ಅಂತ ಶುರು ಮಾಡಿದೆ. ಮುಖ ನೋಡಿ ನಕ್ಕ. "ಆಸ್ಪತ್ರೇಲಿ ಕಲ್ತಿದ್ದನ್ನ ನನ್ನ ಮೇಲೆ ಪ್ರಯೋಗ ಮಾಡ್ತಿದ್ದೀಯಾ?" ನನಗೆ ನಾಚಿಕೆ ಆಯ್ತು. ಅವನು ಹೇಳಿದ್ದು ನಿಜ. ನಾನು ಕೇಳಿಸ್ಕೊಳ್ಳೋಕೆ ಕೂತಿರಲಿಲ್ಲ, ಗೆಲ್ಲೋಕೆ ಕೂತಿದ್ದೆ. ಅವನು ಬಿಡದೇನೂ ಇರಬಹುದು, ಬಾಯಿ ಅವನದು, ತೀರ್ಮಾನ ಅವನದು. ಇದನ್ನ ಒಪ್ಪದೆ ಆಡೋ ಮಾತೆಲ್ಲ ಬರೀ ಉಪಾಯ. ಒಪ್ಪೋಕೆ ಅಪ್ಪನ ವಿಷಯದಲ್ಲಿ ಎಷ್ಟು ಹೆದರಿಕೆ ಆಗತ್ತೆ ಅಂತ ಹೇಳೋಕೆ ನನಗೆ ಬರಲ್ಲ.

2023ರ ಮಳೆಗಾಲ. ಪಕ್ಕದೂರಲ್ಲಿ ತಾಳಮದ್ದಲೆ ಮುಗಿಸಿ ಬಂದವನು ಸುಮ್ಮನೆ ಕೂತಿದ್ದ. ಬಟ್ಟಲು ಮುಟ್ಟಿರಲಿಲ್ಲ. ನಾನೂ ಸುಮ್ಮನೆ ಪಕ್ಕದಲ್ಲಿ ಕೂತೆ. ಆಮೇಲೆ ಕೇಳಿದೆ, "ಹೊಗೆಸೊಪ್ಪು ಬಿಡೋದು ನಿಂಗೆ ಎಷ್ಟು ಮುಖ್ಯ? ಸೊನ್ನೆಯಿಂದ ಹತ್ತರೊಳಗೆ ಹೇಳು."

"ನಾಲ್ಕು."

"ಸೊನ್ನೆ ಯಾಕಲ್ಲ?"

ಅವನಿಗೆ ಆಶ್ಚರ್ಯ. ಆರು ಕಮ್ಮಿ ಯಾಕೆ ಅಂತ ಬೈತೀನಿ ಅಂದ್ಕೊಂಡಿದ್ದ. ಮಳೆ ನೋಡ್ತಾ ಹೇಳಿದ, "ಇವತ್ತು ಎರಡು ಕಡೆ ನಾಲಿಗೆ ತಡೀತು. ಬಾಯಿ ತೆರೀಲೇ ಇಲ್ಲ. ಕೌರವ ಸೋಲಬಹುದು ಮಗಾ, ತೊದಲಬಾರದು."

"ಇನ್ನೂ ಅರ್ಥ ಹೇಳಬೇಕು ನಿಂಗೆ."

"ಸಾಯೋವರೆಗೂ ಹೇಳಬೇಕು."

ಕ್ಯಾನ್ಸರಿನ ಚಿತ್ರ ತಂದಿದ್ದ ನಾನು ಇದನ್ನ ಒಮ್ಮೆಯೂ ಕೇಳಿರಲಿಲ್ಲ. "ನಂಗೆ ಗೊತ್ತಿರೋದೊಂದು ಹೇಳ್ಲಾ?" ಅಂದೆ. ತಲೆಯಾಡಿಸಿದ. ಬಿಗಿದ ಕೆನ್ನೆ ಪೂರ್ತಿ ಮೊದಲಿನ ಹಾಗಾಗೋದು ಕಷ್ಟ, ಆದ್ರೆ ನಿಲ್ಲಿಸಿದ್ರೆ ಇನ್ನೂ ಬಿಗಿಯೋದು ತಪ್ಪಬಹುದು, ಕ್ಯಾನ್ಸರಿನ ಅಪಾಯವೂ ಇಳಿಯತ್ತೆ ಅಂದೆ. "ನಿಂಗೆ ಏನನ್ಸತ್ತೆ?" ಅಂತ ಕೇಳಿ ಬಾಯಿ ಮುಚ್ಚಿದೆ. ನನ್ನ ಜೀವನದ ಅತಿ ಕಷ್ಟದ ಮೌನ ಅದು.

"ನೋಡನ" ಅಂದ.

ಹೊಗೆಸೊಪ್ಪು ಆ ತಿಂಗಳೇ ಬಿಟ್ಟ. ಒಂದು ಮದುವೆ ಮನೇಲಿ ಮತ್ತೆ ಶುರುವಾಯ್ತು, ಅವನೇ ಬಂದು ಹೇಳಿದ, ಮತ್ತೆ ಬಿಟ್ಟ. ಅಡಿಕೆ ಇನ್ನೂ ಇದೆ, ದಿನಕ್ಕೆ ಹದಿನಾಲ್ಕು ಕವಳ ಇದ್ದಿದ್ದು ಮೂರಾಗಿದೆ. ಆರು ತಿಂಗಳಿಗೊಮ್ಮೆ ಡಾಕ್ಟ್ರಿಗೆ ಬಾಯಿ ತೋರಿಸ್ತಾನೆ. ಬೆರಳು ಇನ್ನೂ ಎರಡೇ ಹಿಡಿಯೋದು. ನನ್ನ ಹೆದರಿಕೆ ಹೋಗಿಲ್ಲ.

ಮೊನ್ನೆ ಫೋನ್ ಮಾಡಿದ್ದ. "ಆ ಮೂರನ್ನೂ ಬಿಡೋದು ಅಂತ ಯೋಚನೆ ಮಾಡ್ತಿದ್ದೀನಿ. ನೀನೇನೂ ಹೇಳ್ಬೇಡ."

ನಾನೇನೂ ಹೇಳ್ಲಿಲ್ಲ :)

ನಿಮ್ಮ ಮನೇಲೂ ಇಂಥ ಕೌರವರು ಇರಬಹುದು. ತಂಬಾಕು ಬಿಡೋಕೆ ಅವರಿಗೇ ಮನಸ್ಸು ಬಂದಾಗ 1800-11-2356 ಅನ್ನೋ ಉಚಿತ ಸಂಖ್ಯೆ ಇದೆ, 2018ರಿಂದ ತಂಬಾಕಿನ ಪೊಟ್ಟಣದ ಮೇಲೇ ಅಚ್ಚು ಹಾಕ್ತಿದಾರೆ. ಅಲ್ಲೀವರೆಗೆ ನೀವು ಯಾವ ಅರ್ಥ ಹೇಳ್ತಿದ್ದೀರಿ? ಬರೆದು ತಿಳಿಸಿ, ಕೇಳಿಸ್ಕೊಳ್ತೀನಿ. ಸಲಹೆ ಕೊಡಲ್ಲ, ಖಂಡಿತ.