ಸೋರ್ಬಾನ್‌ನಿಂದ ಅಟ್ಟದವರೆಗೆ

ಸೋರ್ಬಾನ್ ವಿಶ್ವವಿದ್ಯಾಲಯದ ಎದುರು ಪ್ರವಾಸಿಗರು ಫೋಟೊ ತೆಗೆಯುತ್ತಿದ್ದರು. ನಾನು ಅಲ್ಲಿ ನಿಂತು ನೆನೆದದ್ದು ಸಕ್ಕರೆಯನ್ನು.

1940ರ ಕೊನೆ. ಪ್ಯಾರಿಸ್ ಜರ್ಮನ್ ಸೇನೆಯ ವಶದಲ್ಲಿತ್ತು. ಜನರ ಕೈಗೆ ಪಡಿತರ ಚೀಟಿ ಬಂದಿತ್ತು. ಇಲ್ಲಿ ಜಾಕ್ ಮೊನೊ ಎಂಬ ಮೂವತ್ತರ ಸಂಶೋಧಕರು ಬ್ಯಾಕ್ಟೀರಿಯಾಗಳಿಗೆ ಒಟ್ಟಿಗೇ ಎರಡು ಬಗೆಯ ಸಕ್ಕರೆ ಬಡಿಸುತ್ತಿದ್ದರು! ಕೆಲವು ಜೋಡಿಗಳಲ್ಲಿ ವಿಚಿತ್ರ ಕಂಡಿತು. ಹಬ್ಬದೆಲೆಯಲ್ಲಿ ಹೋಳಿಗೆಯನ್ನೇ ಮೊದಲು ಮುಗಿಸುವ ಮಗುವಿನಂತೆ ಬ್ಯಾಕ್ಟೀರಿಯಾ ಗ್ಲೂಕೋಸನ್ನೇ ತಿಂದವು. ಅದು ಖಾಲಿಯಾದೊಡನೆ ಬೆಳವಣಿಗೆ ನಿಂತಿತು. ಸ್ವಲ್ಪ ಹೊತ್ತಿನ ಬಳಿಕ ಮತ್ತೆ ಏರಿತು. ಗ್ರಾಫಿನಲ್ಲಿ ಎರಡು ಏರು, ನಡುವೆ ಚಪ್ಪಟೆ ಗೆರೆ.

ಪಾಶ್ಚರ್ ಸಂಸ್ಥೆಯ ಆಂದ್ರೆ ಲ್ವೋಫ್ ಗ್ರಾಫ್ ನೋಡಿ, ಕಿಣ್ವಗಳ ಹೊಂದಾಣಿಕೆ ಇರಬಹುದು ಎಂದರು. ಮೊನೊ ಅಂಥದ್ದೊಂದನ್ನು ಕೇಳಿಯೇ ಇರಲಿಲ್ಲ.

ಲಕ್ಸೆಂಬರ್ಗ್ ಉದ್ಯಾನ ದಾಟಿ, ಮೋಂಪಾರ್ನಾಸ್ ಹಾದು ಡಾಕ್ಟರ್ ರೂ ಬೀದಿಗೆ ನಡೆದೆ. ಪಾಶ್ಚರ್ ಸಂಸ್ಥೆ ಇರುವುದು ಅಲ್ಲೇ. ಸುಮಾರು ಮೂರು ಕಿಲೊಮೀಟರ್. ಪ್ರಶ್ನೆಯಿಂದ ಉತ್ತರಕ್ಕೆ ಇದೇ ದಾರಿಯಲ್ಲಿ ಮೊನೊ ಅವರಿಗೆ ಇಪ್ಪತ್ತು ವರ್ಷ ಹಿಡಿಯಿತು. ಪಾಶ್ಚರ್ ಸಮಾಧಿ ಇರುವುದು ನೆಲಮಾಳಿಗೆಯಲ್ಲಿ. ನನ್ನ ಕಣ್ಣು ಮಾತ್ರ ಸೂರಿನ ಕಡೆಗೇ ಹೋಗುತ್ತಿತ್ತು. ಲ್ವೋಫ್ ಅವರ ಪ್ರಯೋಗಶಾಲೆ ಇದ್ದದ್ದು ಇಲ್ಲಿನ ಒಂದು ಅಟ್ಟದಲ್ಲಿ.

ಕೊನೆಗೆ ಸಿಕ್ಕ ಉತ್ತರ ಇದು: ಹಾಲಿನ ಸಕ್ಕರೆ ಲ್ಯಾಕ್ಟೋಸನ್ನು ಸೀಳುವ ಕಿಣ್ವದ ಜೀನು ಇ. ಕೋಲೈ ಎಂಬ ಬ್ಯಾಕ್ಟೀರಿಯಾದಲ್ಲಿ ಸದಾ ಇರುತ್ತದೆ. ಆದರೆ ಒಂದು ಪ್ರೋಟೀನು ಡಿಎನ್‌ಎ ಮೇಲೆ ಕೂತು ಅದನ್ನು ತಡೆದಿರುತ್ತದೆ. ಒಳಬಂದ ಲ್ಯಾಕ್ಟೋಸ್ ತುಸು ರೂಪ ಬದಲಿಸಿ ಆ ಪ್ರೋಟೀನಿಗೆ ಅಂಟಿದರೆ ಅದು ಕಳಚಿಕೊಳ್ಳುತ್ತದೆ. ಜೊತೆಗೆ ಗ್ಲೂಕೋಸೂ ಇಲ್ಲದಿದ್ದರೆ ಕಿಣ್ವ ಸುಮಾರು ಸಾವಿರ ಪಟ್ಟು ಹೆಚ್ಚುತ್ತದೆ. ಆ ಚಪ್ಪಟೆ ಗೆರೆ ಈ ಸಿದ್ಧತೆಯ ಹೊತ್ತು. ತಡೆ ಡಿಎನ್‌ಎ ಮೇಲೆಯೇ ಇರಬೇಕೆಂದು ಮೊನೊ ಅವರ ಸಹೋದ್ಯೋಗಿ ಫ್ರಾನ್ಸ್ವಾ ಜಾಕೋಬ್‌ಗೆ ಹೊಳೆದದ್ದು 1958ರ ಬೇಸಿಗೆಯಲ್ಲಿ, ಹೆಂಡತಿಯೊಡನೆ ಸಿನಿಮಾ ನೋಡುತ್ತ ಕೂತಿದ್ದಾಗ! 1961ರಲ್ಲಿ ಅವರೂ ಮೊನೊ ಅವರೂ ಸೇರಿ ಪೂರ್ತಿ ವಿವರಣೆ ಪ್ರಕಟಿಸಿದರು. 1965ರ ನೊಬೆಲ್ ಲ್ವೋಫ್ ಸೇರಿ ಮೂವರಿಗೂ ಬಂತು.

ನನಗೆ ನೊಬೆಲ್‌ಗಿಂತ ದೊಡ್ಡ ಬೆರಗು ಬೇರೊಂದಿದೆ. ಮೊನೊ ತಂಡ ಲ್ಯಾಕ್ಟೋಸನ್ನು ಹೋಲುವ, ಆದರೆ ಹೊಟ್ಟೆ ತುಂಬಿಸದ ರಾಸಾಯನಿಕ ಹಾಕಿ ನೋಡಿತು. ಬ್ಯಾಕ್ಟೀರಿಯಾ ಮೋಸಹೋಗಿ ಕಿಣ್ವವನ್ನು ರಾಶಿ ರಾಶಿ ತಯಾರಿಸಿತು. ಅಂದರೆ ಹಸಿವು, ರುಚಿ ಏನನ್ನೂ ಅದು ಲೆಕ್ಕಕ್ಕೆ ಹಿಡಿಯುತ್ತಿಲ್ಲ. ಅಣುವಿನ ಆಕಾರ ಕೂಡಿದರೆ ಸಾಕು. ಬೇಕಾದ ಪ್ರೋಟೀನನ್ನು ಬ್ಯಾಕ್ಟೀರಿಯಾಗಳ ಕೈಲಿ ಮಾಡಿಸಲು ಇಂದು ಬೆಂಗಳೂರಿನ ಲ್ಯಾಬುಗಳಲ್ಲೂ ಇದೇ ಉಪಾಯ ನಡೆಯುತ್ತದೆ: ಐಪಿಟಿಜಿ ಎಂಬ ಹುಸಿ ಸಕ್ಕರೆಯನ್ನು ಒಂದಿಷ್ಟು ಬೆರೆಸಿ ಕಾಯುತ್ತಾರೆ.