ಮಗಳ ಬ್ಯಾಟು, ತಂದೆಯ ಆಸೆ

ಮಕ್ಕಳಿಗೆ ಉತ್ತಮವಾದುದನ್ನೇ ಕೊಡಬೇಕೆಂಬ ಹಂಬಲ ಯಾವ ತಂದೆತಾಯಿಗಳಿಗಿಲ್ಲ? ಆದರೆ ಉತ್ತಮವಾದುದು ಯಾವುದೆಂಬ ವಿವೇಕ ಆ ಹಂಬಲದ ಜೊತೆಗೇ ಹುಟ್ಟುವುದಿಲ್ಲ. ಹಳಿಯಾಳದ ವ್ಯಾಪಾರಸ್ಥ ಶ್ರಾವಕರೊಬ್ಬರಿಗೆ ಈ ಪಾಠ ದೊರೆತದ್ದು ಒಂದು ಟೇಬಲ್ ಟೆನಿಸ್ ಬ್ಯಾಟಿನಿಂದ.

ಅವರ ಹನ್ನೆರಡು ವರ್ಷದ ಮಗಳು ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ದಾಂಡೇಲಿಗೆ ಹೋಗಿ ಅಭ್ಯಾಸ ಮಾಡುತ್ತಿದ್ದಳು. ಅಂಗಡಿಯ ಸಿದ್ಧ ಬ್ಯಾಟಿನ ರಬ್ಬರ್ ಸವೆದು ನುಣುಪಾಗಿ, ಚೆಂಡನ್ನು ತಿರುಗಿಸುವ ಹಿಡಿತವನ್ನೇ ಕಳೆದುಕೊಂಡಿತ್ತು. ಬದಲಿಸುವುದು ಅಗತ್ಯವೇ ಆಗಿತ್ತು. "ಸಾಹುಕಾರರೆ, ಐದು ಪದರದ ಸಾಧಾರಣ ಮರದ ಹಲಗೆ, ಅದಕ್ಕೆ 1.8 ಮಿಲಿಮೀಟರ್ ಸ್ಪಂಜಿನ ಮೆತ್ತನೆಯ ರಬ್ಬರ್, ಇಷ್ಟು ಸಾಕು" ಎಂದರು ತರಬೇತುದಾರರು. ತಂದೆಗೆ ಅದು ಸಾಲದೆನಿಸಿತು. ಮುಂಡಗೋಡದ ಪಂದ್ಯದಲ್ಲಿ ಮಗಳನ್ನು ಸೋಲಿಸಿದ ಹುಡುಗಿಯ ಬ್ಯಾಟು ಅವರ ಕಣ್ಣಲ್ಲೇ ನಿಂತಿತ್ತು. ದೊಡ್ಡ ಆಟಗಾರರು ಬಳಸುವ, ಅತಿ ದಪ್ಪ ಹಾಗೂ ಗಡಸು ಸ್ಪಂಜಿನ ದುಬಾರಿ ರಬ್ಬರನ್ನೇ ತರಿಸಿದರು.

ಅಂಥ ರಬ್ಬರ್ ಪೂರ್ಣ ಬೀಸಿನಿಂದ ಚೆಂಡನ್ನು ಸವರಬಲ್ಲ ತೋಳಿಗೆ ಫಲ ಕೊಡುತ್ತದೆ. ಇನ್ನೂ ಹೊಡೆತ ಕಲಿಯುತ್ತಿರುವ ತೋಳಿಗೆ ಚೆಂಡು ಹಿಡಿತ ತಪ್ಪಿ ಹಾರುತ್ತದೆ. ಚೆಂಡು ಮೇಜಿನಾಚೆ ಹೋದೀತೆಂಬ ಅಂಜಿಕೆಯಿಂದ ಹುಡುಗಿ ಬೀಸನ್ನೇ ಮೊಟಕುಗೊಳಿಸಿದಳು. ಎರಡೇ ತಿಂಗಳಲ್ಲಿ, ಎರಡು ವರ್ಷ ಶ್ರಮಿಸಿ ಕಲಿತ ಹೊಡೆತ ಕೈಬಿಟ್ಟಿತು. ಮನೆಗೆ ಬಂದು ಆಟದ ಮಾತೆತ್ತುವುದನ್ನೂ ನಿಲ್ಲಿಸಿದಳು.

1952ರಲ್ಲಿ ಮುಂಬಯಿಯಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಜಪಾನಿನ ಹಿರೋಜಿ ಸಾಟೋ ಸ್ಪಂಜಿನ ಬ್ಯಾಟಿನಿಂದ ಗೆದ್ದು ಜಗತ್ತನ್ನು ಬೆರಗುಗೊಳಿಸಿದರು. ಮುಂದೆ 1959ರಲ್ಲಿ ನಿಯಮ ರೂಪಿಸಿದವರು ಸ್ಪಂಜು, ರಬ್ಬರ್, ಅಂಟು ಎಲ್ಲ ಸೇರಿ ದಪ್ಪ 4 ಮಿಲಿಮೀಟರ್ ಮೀರಬಾರದೆಂದು ಮಿತಿ ಹಾಕಿದರು. ಆಟವೂ ತನಗೊಂದು ಪರಿಮಾಣವನ್ನು ವಿಧಿಸಿಕೊಂಡಿತು. ಗೃಹಸ್ಥನ ಪರಿಗ್ರಹ ಪರಿಮಾಣವೂ ಇಂಥದೇ: ವಸ್ತುವಿನ ನಿರಾಕರಣೆಯಲ್ಲ, ಅಗತ್ಯವನ್ನು ಅಳೆಯುವ ವ್ರತ.

ತಂದೆ ಕೊನೆಗೆ ತರಬೇತುದಾರರ ಮಾತಿಗೆ ಮರಳಿದರು. ಆದರೂ ಆಸೆ ಪೂರ್ತಿ ಅಡಗಿರಲಿಲ್ಲ. ಮೆತ್ತನೆಯ ರಬ್ಬರಿಗೆ ಒಂದು ಬಗೆಯ ಎಣ್ಣೆ ಸವರಿದರೆ ವೇಗ ಹೆಚ್ಚುವುದೆಂದು ಪರಿಚಿತರೊಬ್ಬರು ಕಿವಿಯಲ್ಲಿ ಹೇಳಿದ್ದರು. ಕಾರ್ಖಾನೆಯಿಂದ ಹೊರಬಂದ ರಬ್ಬರನ್ನು ಹೀಗೆ ಸಂಸ್ಕರಿಸುವುದು ನಿಯಮಬಾಹಿರ. ಒಂದು ರಾತ್ರಿ ಶೀಶೆಯನ್ನು ಮೇಜಿನ ಮೇಲಿಟ್ಟರು.

"ಅಪ್ಪಾ, ಅಂಪೈರ್‌ಗೆ ಇದು ಕಾಣುವುದಿಲ್ಲವೆ?" ಎಂದಳು ಮಗಳು.

"ಇಲ್ಲ."

"ಹಾಗಾದರೆ ಗೆದ್ದರೆ ನಾನೇ ಗೆದ್ದೆನೆಂದು ನನಗೂ ತಿಳಿಯುವುದಿಲ್ಲ."

ತಂದೆ ಮಾತಿಲ್ಲದೆ ಶೀಶೆಯನ್ನು ಎತ್ತಿಟ್ಟರು. ಮರುದಿನ ಅದು ಮನೆಯಲ್ಲಿರಲಿಲ್ಲ. ದುಬಾರಿ ರಬ್ಬರ್ ದಾಂಡೇಲಿಯ ಒಬ್ಬ ಹಿರಿಯ ವಿದ್ಯಾರ್ಥಿಯ ಪಾಲಾಯಿತು. ಅವನ ತೋಳು ಅದಕ್ಕೆ ಸಿದ್ಧವಾಗಿತ್ತು.

ಜೋಯಿಡಾ ಕಾಡಿನ ಮಳೆ ದಾಂಡೇಲಿಯನ್ನು ತೋಯಿಸುವ ದಿನಗಳಲ್ಲಿ ರಬ್ಬರಿನ ಮೇಲೆ ತೇವ ಕುಳಿತು ಚೆಂಡು ಜಾರುತ್ತದೆ. ಹುಡುಗಿ ಈಗ ಆಟದ ನಡುವೆ ಒಣಬಟ್ಟೆಯಿಂದ ಅದನ್ನು ಒರೆಸಿಕೊಳ್ಳುತ್ತಾಳೆ. ಆಟ ಮುಗಿದ ಮೇಲೆ ಧೂಳು ತೆಗೆದು, ತೆಳುಹಾಳೆ ಮುಚ್ಚಿಡುತ್ತಾಳೆ. ಬೀಸು ಮತ್ತೆ ಪೂರ್ಣವಾಗುತ್ತಿದೆ. ಪಕ್ಕದ ಬೆಂಚಿನ ಮೇಲೆ ಕುಳಿತ ತಂದೆ ಎದುರಾಳಿಯ ಬ್ಯಾಟನ್ನು ನೋಡುವುದನ್ನು ಬಿಟ್ಟು ಮಗಳ ಕೈಯನ್ನು ನೋಡುತ್ತಾರೆ.